ಹಗುರವಾದ ಕಾರೇ ನಮ್ಮ ಬಿಸಿಲಿಗೆ ಲೇಸು: ಎಂಜಿನ್, ವಿನ್ಯಾಸ, ರೇಸಿಂಗ್ ಕುರಿತ ಚರ್ಚೆ

ಕೋಟೆಗುಡ್ಡ, ಬಳ್ಳಾರಿ (ಚರ್ಚೆ ಆರಂಭಿಸಿದವರು)

ಕಳೆದ ಏಪ್ರಿಲ್‌ನಲ್ಲಿ ನಾವು ಎರಡು ಕಾರುಗಳಲ್ಲಿ ಸಂಡೂರಿನ ಕುಮಾರಸ್ವಾಮಿ ಬೆಟ್ಟಕ್ಕೆ ಹೋಗಿದ್ದೆವು. ಒಂದು ನನ್ನ ಹತ್ತು ವರ್ಷ ಹಳೆಯ ಸಣ್ಣ ಕಾರು: 1.2 ಲೀಟರ್‌ನ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್, ಸುಮಾರು 85 ಅಶ್ವಶಕ್ತಿ, ಖಾಲಿ ತೂಕ 850 ಕೆ.ಜಿ. ಇನ್ನೊಂದು ನಮ್ಮ ಸೋದರಮಾವನವರ ಹೊಸ ಎಸ್‌ಯುವಿ: 1.5 ಲೀಟರ್, 115 ಅಶ್ವಶಕ್ತಿ, 1,250 ಕೆ.ಜಿ. ಎರಡರಲ್ಲೂ ಇಬ್ಬಿಬ್ಬರೇ ಕುಳಿತಿದ್ದೆವು. ಏರಿನುದ್ದಕ್ಕೂ ನನ್ನ ಕಾರು ಅವರ ಬೆನ್ನು ಬಿಡಲಿಲ್ಲ. ಇಳಿಯುವಾಗ ಅವರ ಮುಂದಿನ ಚಕ್ರಗಳಿಂದ ಬ್ರೇಕ್ ಸುಟ್ಟ ಕಮಟು ವಾಸನೆ ಬಂದು, ಹತ್ತು ನಿಮಿಷ ಮರದ ನೆರಳಿನಲ್ಲಿ ನಿಲ್ಲಿಸಬೇಕಾಯಿತು.

ಅಂದಿನಿಂದ ನನ್ನ ಮನಸ್ಸಿನಲ್ಲಿ ಕುಳಿತಿರುವ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ. ಕಾರಿನ ಬಗ್ಗೆ ನಾವು ಕೇಳುವ ಮೊದಲ ಪ್ರಶ್ನೆ ಅಶ್ವಶಕ್ತಿಯದ್ದಾಗಿರುತ್ತದೆ, ಎರಡನೆಯದು ಮೈಲೇಜಿನದು, ಮೂರನೆಯದು ಟಚ್‌ಸ್ಕ್ರೀನ್ ಪರದೆಯ ಅಗಲದ್ದು. ತೂಕವನ್ನು ಮಾತ್ರ ಯಾರೂ ಕೇಳುವುದಿಲ್ಲ. ಆದರೆ ಅಶ್ವಶಕ್ತಿಯನ್ನು ತೂಕದಿಂದ ಭಾಗಿಸದೆ ಹೇಳಿದರೆ ಅದಕ್ಕೆ ಅರ್ಥವೇ ಇರುವುದಿಲ್ಲ. ನನ್ನ ಕಾರಿಗೆ ಪ್ರತಿ ಟನ್ನಿಗೆ 100 ಅಶ್ವಶಕ್ತಿ ಬರುತ್ತದೆ, ಮಾವನವರ ಕಾರಿಗೆ 92 ಮಾತ್ರ ಬರುತ್ತದೆ. ಟೈರು, ಬ್ರೇಕ್, ಸಸ್ಪೆನ್ಷನ್, ರೇಡಿಯೇಟರ್ ಇವೆಲ್ಲವೂ ಭಾರವನ್ನೇ ಹೊರುತ್ತವೆ. ಬೆಟ್ಟ ಇಳಿಯುವಾಗ ಬ್ರೇಕ್ ನುಂಗಬೇಕಾದ ಶಾಖ ಕಾರಿನ ತೂಕಕ್ಕೆ ನೇರ ಅನುಪಾತದಲ್ಲಿರುತ್ತದೆ. ಬೇಸಿಗೆಯಲ್ಲಿ 42 ಡಿಗ್ರಿ ಮುಟ್ಟುವ ನಮ್ಮ ಸೀಮೆಯಲ್ಲಿ ಹಗುರವಾದ ಕಾರೇ ಒಳ್ಳೆಯ ಕಾರು ಎಂಬುದು ನನ್ನ ಅಭಿಪ್ರಾಯ. ತಿಳಿದವರು ಒಪ್ಪಬಹುದು, ತಿದ್ದಬಹುದು.

ಲೇತ್ ಮಿಸ್ತ್ರಿ, ರಾಯಚೂರು

ನಮಸ್ಕಾರ. ಮೂವತ್ತು ವರ್ಷದಿಂದ ಗ್ಯಾರೇಜು ನಡೆಸುತ್ತಿರುವವನು ನಾನು. ತಮ್ಮಾ, ನಿಮ್ಮ ಮಾತಿನಲ್ಲಿ ಒಂದನ್ನು ಮೊದಲು ತಿದ್ದುತ್ತೇನೆ. ಮಾವನವರ ಬ್ರೇಕ್ ಸುಟ್ಟಿದ್ದಕ್ಕೆ ತೂಕ ಅರ್ಧ ಕಾರಣವಾದರೆ, ಪೆಡಲ್ ಒತ್ತಿದ ಕಾಲು ಇನ್ನರ್ಧ ಕಾರಣ. ಇಳಿಜಾರಿನಲ್ಲಿ ಎರಡನೆಯ ಗೇರಿಗೆ ಹಾಕಿ ಎಂಜಿನ್ನಿನಿಂದಲೇ ಗಾಡಿಯನ್ನು ಹಿಡಿಯಬೇಕು. ಪೆಡಲ್ ಮೇಲೆ ಕಾಲನ್ನು ಸದಾ ಒತ್ತಿ ಹಿಡಿದರೆ 650 ಕೆ.ಜಿ.ಯ ಮಾರುತಿ 800 ಕೂಡ ವಾಸನೆ ಬರಿಸುತ್ತದೆ. ಆಟೋಮ್ಯಾಟಿಕ್ ಗಾಡಿಯಾದರೂ ಕೆಳಗಿನ ಗೇರಿನಲ್ಲಿ ನಿಲ್ಲಿಸುವ ವ್ಯವಸ್ಥೆ ಇದ್ದೇ ಇರುತ್ತದೆ.

ಇನ್ನು ಬಿಸಿಲಿನ ವಿಷಯ. ಗಾಳಿ ಕಾದಷ್ಟೂ ತೆಳ್ಳಗಾಗುತ್ತದೆ. 15 ಡಿಗ್ರಿಯ ಗಾಳಿಗೆ ಹೋಲಿಸಿದರೆ 42 ಡಿಗ್ರಿಯ ಗಾಳಿಯಲ್ಲಿ ಶೇಕಡಾ 8ರಿಂದ 9ರಷ್ಟು ಆಮ್ಲಜನಕ ಕಡಿಮೆ ಇರುತ್ತದೆ. ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಚಕ್ರ) ಇಲ್ಲದ ಎಂಜಿನ್ನಿನ ಶಕ್ತಿ ಹೆಚ್ಚುಕಡಿಮೆ ಅಷ್ಟೇ ಕುಗ್ಗುತ್ತದೆ. ಅದರ ಮೇಲೆ ಎ.ಸಿ. ಕಂಪ್ರೆಸರ್ ತನ್ನ ಪಾಲನ್ನು ಕೀಳುತ್ತದೆ. ಮೇ ತಿಂಗಳಲ್ಲಿ ‘ಗಾಡಿಯ ಪಿಕಪ್ ಸತ್ತಿದೆ’ ಎಂದು ಬರುವವರಲ್ಲಿ ಎಷ್ಟೋ ಜನರ ಗಾಡಿಗೆ ಯಾವ ರೋಗವೂ ಇರುವುದಿಲ್ಲ. ಜುಲೈ ಬಂದರೆ ತಾನೇ ಸರಿಹೋಗುತ್ತದೆ.

ಟರ್ಬೊ ಈ ಕೊರತೆಯನ್ನು ತುಂಬುತ್ತದೆ ನಿಜ. ಆದರೆ ಗಾಳಿಯನ್ನು ಒತ್ತಿದಾಗ ಅದು ಇನ್ನಷ್ಟು ಕಾಯುತ್ತದೆ. ಅದನ್ನು ತಣ್ಣಗೆ ಮಾಡಬೇಕಾದ ಇಂಟರ್‌ಕೂಲರ್‌ಗೆ ಸಿಗುವುದು ಅದೇ 42 ಡಿಗ್ರಿಯ ಗಾಳಿ. ಸಣ್ಣ ಟರ್ಬೊದ ಚಕ್ರ ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತಿಗೂ ಮೀರಿ ತಿರುಗುತ್ತದೆ, ಅದನ್ನು ಹೊತ್ತಿರುವುದು ಎಣ್ಣೆಯ ತೆಳುಪದರ ಮಾತ್ರ. ದೂರದಿಂದ ಜೋರಾಗಿ ಓಡಿಸಿಕೊಂಡು ಬಂದು ತಟ್ಟನೆ ಬಂದ್ ಮಾಡಿದರೆ ಆ ಎಣ್ಣೆ ಅಲ್ಲೇ ಕರಟಿ ಇದ್ದಿಲಾಗುತ್ತದೆ. ಒಂದು ನಿಮಿಷ ಐಡ್ಲಿಂಗ್‌ನಲ್ಲಿ ಬಿಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ದೂಳು ಇನ್ನೂ ಕೆಟ್ಟದ್ದು. ನಿಮ್ಮ ಬಳ್ಳಾರಿ ಕಡೆಯ ಅದಿರಿನ ಕೆಂಪು ದೂಳು, ನಮ್ಮ ಕಡೆಯ ಎರೆಮಣ್ಣಿನ ಪುಡಿ, ಎರಡೂ ಸಿಲಿಂಡರ್ ಗೋಡೆಗೆ ಮರಳು ಕಾಗದ ಉಜ್ಜಿದಂತೆ ಕೆಲಸ ಮಾಡುತ್ತವೆ. ಏರ್ ಫಿಲ್ಟರನ್ನು ಟೈರ್ ಅಂಗಡಿಯ ಕಂಪ್ರೆಸರ್ ಗಾಳಿಯಿಂದ ಊದಿಸುವವರು ದಯವಿಟ್ಟು ನಿಲ್ಲಿಸಿ. ಆ ಒತ್ತಡಕ್ಕೆ ಕಾಗದದಲ್ಲಿ ಕಣ್ಣಿಗೆ ಕಾಣದ ತೂತುಗಳು ಬೀಳುತ್ತವೆ. ಫಿಲ್ಟರ್ ಚೊಕ್ಕವಾಗಿ ಕಾಣುತ್ತದೆ, ದೂಳು ಮಾತ್ರ ನೇರವಾಗಿ ಒಳಗೆ ಹೋಗುತ್ತದೆ. ಲೇತಿನಲ್ಲಿ ಬೋರ್ ಮಾಡಿಸಲು ಬಂದ ಬ್ಲಾಕುಗಳಲ್ಲಿ ನಾನು ಇದನ್ನು ಕಣ್ಣಾರೆ ಕಂಡಿದ್ದೇನೆ.

ಭತ್ತದ ಗಾಡಿ, ಗಂಗಾವತಿ

ಕೋಟೆಗುಡ್ಡದ ಸಹೋದರರ ಲೆಕ್ಕದಲ್ಲಿ ಒಂದು ಕುಂದಿದೆ. ಖಾಲಿ ತೂಕಕ್ಕೆ 100 ಮತ್ತು 92 ಬರುತ್ತದೆ, ನೀವು ಹೋದದ್ದೂ ಇಬ್ಬಿಬ್ಬರೇ, ಸರಿ. ಆದರೆ ನಮ್ಮ ಕಡೆ ಕಾರಿನಲ್ಲಿ ಇಬ್ಬರೇ ಯಾವಾಗ ಹೋಗುತ್ತೇವೆ? ಐದು ಜನ, ಜೊತೆಗೆ ಊರಿನ ಚೀಲ, ಒಟ್ಟು ಒಂದು ನಾಲ್ಕು ಕ್ವಿಂಟಾಲ್ ಎಂದಿಟ್ಟುಕೊಳ್ಳಿ. ನಿಮ್ಮ ಕಾರು 1,250 ಕೆ.ಜಿ. ಆಗಿ ಟನ್ನಿಗೆ 68 ಅಶ್ವಶಕ್ತಿ ಉಳಿಯುತ್ತದೆ. ಮಾವನವರದು 1,650 ಆಗಿ ಸುಮಾರು 70 ಉಳಿಯುತ್ತದೆ. ಹಗುರವಾದ ಕಾರಿಗೆ ಹೊರೆ ಹೆಚ್ಚು ಕಾಡುತ್ತದೆ. ಇದನ್ನು ಬಿಟ್ಟು ತೀರ್ಪು ಕೊಡುವುದು ನ್ಯಾಯವಲ್ಲ.

ಹೊರೆ ಎಳೆಯಲು ಬೇಕಾದದ್ದು ಎಂಜಿನ್ ನಿಧಾನವಾಗಿ ಸುತ್ತುವಾಗಲೇ ಸಿಗುವ ಟಾರ್ಕ್, ಅಂದರೆ ತಿರುಗಿಸುವ ಬಲ. ಈ ದೇಶದಲ್ಲಿ ಅದನ್ನು ಸಣ್ಣ ಕಾರಿಗೆ ತಂದುಕೊಟ್ಟದ್ದು ಫಿಯೆಟ್ ಮೂಲದ 1.3 ಲೀಟರ್ ಮಲ್ಟಿಜೆಟ್ ಡೀಸೆಲ್ ಎಂಬುದನ್ನು ನಾನು ಕೃತಜ್ಞತೆಯಿಂದ ನೆನೆಯುತ್ತೇನೆ. 1,248 ಸಿ.ಸಿ., 75 ಅಶ್ವಶಕ್ತಿ, ಆದರೆ ನಿಮಿಷಕ್ಕೆ 2,000 ಸುತ್ತಿಗೆಲ್ಲ 190 ನ್ಯೂಟನ್ ಮೀಟರ್ ಟಾರ್ಕ್. 2007ರಲ್ಲಿ ಸ್ವಿಫ್ಟ್‌ಗೆ ಬಂದ ಆ ಎಂಜಿನ್ ಮುಂದೆ ಮಾರುತಿ, ಟಾಟಾ, ಫಿಯೆಟ್ ಮೂರರ ಬಾನೆಟ್ಟಿನ ಕೆಳಗೂ ಕುಳಿತಿತು. 1,800 ಸುತ್ತಿನ ತನಕ ಮಂಕಾಗಿದ್ದು, ಆಮೇಲೆ ಯಾರೋ ಹಿಂದಿನಿಂದ ತಳ್ಳಿದಂತೆ ಎದ್ದು ಓಡುತ್ತಿತ್ತು. 2020ರ ಏಪ್ರಿಲ್‌ನಲ್ಲಿ ಹೊಗೆ ಮಿತಿಯ ಬಿ.ಎಸ್. 6 ನಿಯಮ ಬಂದಾಗ ಮಾರುತಿ ಅದನ್ನು ಕೈಬಿಟ್ಟಿತು. ನನ್ನದು ಇಂದಿಗೂ ಗಂಗಾವತಿ–ರಾಯಚೂರು ದಾರಿಯಲ್ಲಿ ಓಡುತ್ತಿದೆ.

ರೇಸಿಂಗ್‌ನಲ್ಲಿಯೂ ಭಾರವಾದದ್ದು ಗೆದ್ದ ಉದಾಹರಣೆ ಇದೆ. 2006ರಲ್ಲಿ ಫ್ರಾನ್ಸಿನ ಲೆ ಮಾನ್ಸ್‌ನ 24 ಗಂಟೆಗಳ ಓಟವನ್ನು ಆಡಿ ಆರ್10 ಗೆದ್ದಿತು. ಅದರಲ್ಲಿದ್ದದ್ದು 5.5 ಲೀಟರ್‌ನ ಹನ್ನೆರಡು ಸಿಲಿಂಡರ್‌ಗಳ ಡೀಸೆಲ್. ಆ ಓಟವನ್ನು ಡೀಸೆಲ್ ಕಾರು ಗೆದ್ದದ್ದು ಅದೇ ಮೊದಲು. ಟಾರ್ಕ್ ಮತ್ತು ಮಿತವಾದ ಇಂಧನ ಬಳಕೆ ಎರಡೂ ಸೇರಿ ತೂಕದ ನಷ್ಟವನ್ನು ತುಂಬಿಕೊಟ್ಟವು.

ಕೋಟೆಗುಡ್ಡ, ಬಳ್ಳಾರಿ

ಮಿಸ್ತ್ರಿ ಅಣ್ಣನವರ ತಿದ್ದುಪಡಿಯನ್ನು ಒಪ್ಪಿಕೊಂಡಿದ್ದೇನೆ. ಮಾವನವರಿಗೂ ಗೇರಿನ ವಿಷಯ ತಿಳಿಸಿದ್ದೇನೆ. ಗಂಗಾವತಿಯವರ ಲೆಕ್ಕವೂ ಸರಿ, ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಏರಿನಲ್ಲಿ ಹೊರೆ ಹೊತ್ತಾಗ ನನ್ನ ಕಾರು ಸೋಲುತ್ತದೆ. ಆದರೂ ಬ್ರೇಕ್ ಹಿಡಿಯುವಾಗ, ತಿರುವಿನಲ್ಲಿ ತಿರುಗುವಾಗ, ಟೈರ್ ಸವೆಯುವಾಗ ಆ ನಾಲ್ಕು ಕ್ವಿಂಟಾಲಿನ ವ್ಯತ್ಯಾಸ ಉಳಿದೇ ಇರುತ್ತದೆ. ಐದು ಜನ ಕುಳಿತ ನನ್ನ ಕಾರು ಮಾವನವರ ಖಾಲಿ ಕಾರಿನಷ್ಟು ತೂಗುತ್ತದೆ ಎಂಬುದನ್ನು ಗಮನಿಸಬೇಕು. ವರ್ಷದ ಮುನ್ನೂರು ದಿನ ಆ ದೊಡ್ಡ ಕಾರಿನಲ್ಲಿ ಒಬ್ಬರೇ ಕುಳಿತು ಮಾರುಕಟ್ಟೆಗೆ ಹೋಗುತ್ತಾರೆ.

ಈ ತೂಕ ಎಲ್ಲಿಂದ ಬಂತು ಎಂದು ನೋಡಿದರೆ ಬಹುಪಾಲು ವಿನ್ಯಾಸದ ಕೋಣೆಯಲ್ಲಿ ಸಿಗುತ್ತದೆ. ಕಾಲುಭಾಗ ಗಾಜೇ ಆಗಿರುವ ಚಾವಣಿಯನ್ನು (ಸನ್‌ರೂಫ್) ನಮ್ಮ ಊರಿನಲ್ಲಿ ಜನ ಹೆಚ್ಚು ಹಣ ಕೊಟ್ಟು ಕೊಳ್ಳುತ್ತಿರುವುದನ್ನು ಕಂಡು ನನಗೆ ನಿಜವಾಗಿಯೂ ಬೇಸರವಾಗುತ್ತದೆ. ಆ ಗಾಜು, ಅದರ ಮೋಟರು, ಹಳಿಗಳು, ಅದಕ್ಕಾಗಿ ಗಟ್ಟಿಗೊಳಿಸಿದ ಚೌಕಟ್ಟು ಎಲ್ಲವೂ ಕಾರಿನ ಅತಿ ಎತ್ತರದ ಜಾಗದಲ್ಲಿ ಕೂರುತ್ತವೆ, ಅಂದರೆ ತಿರುವಿನಲ್ಲಿ ಕಾರು ವಾಲಲು ಅತಿ ಹೆಚ್ಚು ಕಾರಣವಾಗುವ ಜಾಗದಲ್ಲಿ. ಮೇಲಾಗಿ ಫೆಬ್ರುವರಿಯಿಂದ ಜೂನ್‌ವರೆಗೆ ಅದರ ಪರದೆ ತೆರೆಯುವ ಹಾಗೇ ಇಲ್ಲ.

ವಿನ್ಯಾಸ ಎಂದರೆ ನನ್ನ ಮಟ್ಟಿಗೆ ಬಳಸುವವರ ಬದುಕಿಗೆ ಕೊಟ್ಟ ಉತ್ತರ. 1948ರಲ್ಲಿ ಸಿಟ್ರೊಯೆನ್ ಕಂಪನಿ ತೋರಿಸಿದ 2ಸಿವಿ ಎಂಬ ಕಾರನ್ನು ನೋಡಿ. ಫ್ರಾನ್ಸಿನ ರೈತ ಒಂದು ಬುಟ್ಟಿ ಮೊಟ್ಟೆ ಇಟ್ಟುಕೊಂಡು ಉತ್ತ ಹೊಲದಲ್ಲಿ ಹಾದುಹೋದರೂ ಒಂದು ಮೊಟ್ಟೆಯೂ ಒಡೆಯಬಾರದು ಎಂಬುದು ಅದನ್ನು ಮಾಡಿದವರಿಗೆ ಕೊಟ್ಟಿದ್ದ ಷರತ್ತುಗಳಲ್ಲಿ ಒಂದು. 375 ಸಿ.ಸಿ.ಯ ಎರಡು ಸಿಲಿಂಡರ್ ಎಂಜಿನ್, 9 ಅಶ್ವಶಕ್ತಿ, ರೇಡಿಯೇಟರೇ ಇಲ್ಲ, ಗಾಳಿಯಿಂದಲೇ ತಂಪು. ಅಷ್ಟು ಕಡಿಮೆ ಶಕ್ತಿಯಲ್ಲಿ ಅದು ನಾಲ್ಕು ಜನರನ್ನು ಹೊರಲು ಸಾಧ್ಯವಾದದ್ದು ಅದರ ತೂಕ ಐದು ಕ್ವಿಂಟಾಲಿನ ಆಸುಪಾಸಿನಲ್ಲಿದ್ದುದರಿಂದ. ರಾಯಚೂರು, ಸಿಂಧನೂರು ಕಡೆಯ ರಸ್ತೆಗಳನ್ನು ಬಲ್ಲವರಿಗೆ ಆ ಮೊಟ್ಟೆಯ ಷರತ್ತಿನ ಬೆಲೆ ಗೊತ್ತಾಗುತ್ತದೆ. ಎರೆಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ಹಾಸಿದ ಡಾಂಬರು ಅಲೆ ಅಲೆಯಾಗುತ್ತದೆ. ಅಂಥ ದಾರಿಗೆ ಮೃದುವಾದ ಸ್ಪ್ರಿಂಗು, ಒಳ್ಳೆಯ ಶಾಕ್ ಅಬ್ಸಾರ್ಬರ್, ದಪ್ಪ ಗೋಡೆಯ ಟೈರು ಬೇಕು. ಕಂಪನಿಗಳು ನಮಗೆ ಮಾರುತ್ತಿರುವುದು ಅಂದದ ದೊಡ್ಡ ಅಲಾಯ್ ಚಕ್ರ ಮತ್ತು ಅದಕ್ಕೆ ಅಂಟಿಕೊಂಡ ತೆಳ್ಳನೆಯ ರಬ್ಬರ್.

ತೆರಿಗೆಯೂ ಕಾರಿನ ಆಕಾರವನ್ನು ಕೆತ್ತುತ್ತದೆ. 2006ರ ಬಜೆಟ್ಟಿನಲ್ಲಿ ನಾಲ್ಕು ಮೀಟರ್ ಒಳಗಿನ, ಪೆಟ್ರೋಲಾದರೆ 1,200 ಸಿ.ಸಿ., ಡೀಸೆಲಾದರೆ 1,500 ಸಿ.ಸಿ. ಮೀರದ ಕಾರುಗಳಿಗೆ ಅಬಕಾರಿ ಸುಂಕವನ್ನು ಶೇಕಡಾ 24ರಿಂದ 16ಕ್ಕೆ ಇಳಿಸಿದರು. 2008ರಲ್ಲಿ 4,160 ಮಿ.ಮೀ. ಇದ್ದ ಸ್ವಿಫ್ಟ್ ಡಿಜೈರ್ 2012ರಲ್ಲಿ 3,995 ಮಿ.ಮೀ.ಗೆ ಬಂದದ್ದು ಇದೇ ಕಾರಣಕ್ಕೆ; ಅದರ ಡಿಕ್ಕಿಯನ್ನು ಕೊಡಲಿಯಿಂದ ಕಡಿದಂತೆ ಕಾಣುತ್ತಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಜಿ.ಎಸ್.ಟಿ. ಬದಲಾದಾಗಲೂ ಅದೇ ಗೆರೆ ಉಳಿಯಿತು: ಒಳಗಿದ್ದವಕ್ಕೆ ಶೇಕಡಾ 18, ಹೊರಗಿನವಕ್ಕೆ 40. ಉದ್ದಕ್ಕೆ ಮಿತಿ ಇದೆ, ತೂಕಕ್ಕೆ ಇಲ್ಲ. ಅದಕ್ಕೇ ಕಾರುಗಳು ಉದ್ದಕ್ಕೆ ಬೆಳೆಯಲಾಗದೆ ಎತ್ತರಕ್ಕೆ ಬೆಳೆದಿವೆ. ಇಂಥದೊಂದು ಮಿತಿಯನ್ನು ತೂಕದ ಮೇಲೆ ಹಾಕಿದ್ದರೆ ನಮ್ಮ ರಸ್ತೆಗಳ ಮೇಲೆ ಇಂದು ಬೇರೆಯೇ ಕಾರುಗಳು ಇರುತ್ತಿದ್ದವು ಎಂದು ನಾನು ದೃಢವಾಗಿ ನಂಬುತ್ತೇನೆ.

ಎರಕದ ಮನೆ, ಕೊಪ್ಪಳ

ಕೋಟೆಗುಡ್ಡ ಸರ್, ಹಗುರ ಎಂದ ಕೂಡಲೇ ಓದುಗರ ಮನಸ್ಸಿಗೆ ತಗಡಿನ ಡಬ್ಬಿ ಬರುತ್ತದೆ; ಆ ಭಯಕ್ಕೆ ನೀವು ಉತ್ತರ ಕೊಟ್ಟಿಲ್ಲ. ನಾನು ಎರಕದ ಕೆಲಸದಲ್ಲಿರುವವನಾದ್ದರಿಂದ ಲೋಹದ ಕಡೆಯಿಂದ ಹೇಳುತ್ತೇನೆ.

ಅಪಘಾತದಲ್ಲಿ ಕಾಪಾಡುವುದು ತಗಡಿನ ದಪ್ಪವಲ್ಲ. ಮುಂಭಾಗ ಲೆಕ್ಕ ಹಾಕಿದಂತೆ ಮಡಚಿಕೊಳ್ಳಬೇಕು, ಜನ ಕೂರುವ ಗೂಡು ಮಡಚಿಕೊಳ್ಳಬಾರದು. ಆ ಗೂಡಿನ ಕಂಬಗಳಿಗೆ ಈಗ ಬಿಸಿಯಲ್ಲೇ ಒತ್ತಿ ತಟ್ಟನೆ ತಣಿಸಿದ ಉಕ್ಕನ್ನು ಬಳಸುತ್ತಾರೆ. ಅದರ ಬಲ 1,500 ಮೆಗಾಪಾಸ್ಕಲ್ ಮುಟ್ಟುತ್ತದೆ, ಸಾಮಾನ್ಯ ತಗಡಿನ ನಾಲ್ಕೈದು ಪಟ್ಟು. ಬಲ ಹೆಚ್ಚಾದಂತೆ ತೆಳ್ಳಗೆ ಮಾಡಬಹುದು, ಅಂದರೆ ತೂಕ ಇಳಿಯುತ್ತದೆ. ನಿಮ್ಮ ಬಳ್ಳಾರಿಯ ಪಕ್ಕದ ತೋರಣಗಲ್ಲಿನಲ್ಲಿಯೇ ಕಾರಿನ ಮೈಗೆ ಬೇಕಾದ ತಗಡು ತಯಾರಾಗುತ್ತದೆ. ಆದರೆ ಒಂದು ಮಾತನ್ನು ಮುಚ್ಚಿಡಬಾರದು: ಭಾರವಾದ ಕಾರೂ ಹಗುರವಾದ ಕಾರೂ ಎದುರುಬದುರು ಡಿಕ್ಕಿಯಾದರೆ ಹೆಚ್ಚು ಪೆಟ್ಟು ತಿನ್ನುವುದು ಹಗುರವಾದದ್ದೇ. ಎಲ್ಲರೂ ಭಾರ ಹೆಚ್ಚಿಸಿಕೊಳ್ಳುತ್ತಾ ಹೋದರೆ ಸಣ್ಣ ಕಾರಿನವರೂ ಬೈಕಿನವರೂ ಅದಕ್ಕೆ ಬೆಲೆ ತೆರುತ್ತಾರೆ.

ಎಂಜಿನ್ನಿನ ವಿಷಯಕ್ಕೆ ಬಂದರೆ, ಕೊಪ್ಪಳ ತಾಲ್ಲೂಕಿನ ಬೇವಿನಹಳ್ಳಿಯ ಕಿರ್ಲೋಸ್ಕರ್ ಫೆರಸ್ ಕಾರ್ಖಾನೆಯಲ್ಲಿ ಸಿಲಿಂಡರ್ ಬ್ಲಾಕು ಮತ್ತು ಹೆಡ್ಡುಗಳನ್ನು ಎರಕ ಹೊಯ್ಯುತ್ತಾರೆ ಎಂಬುದು ನಮ್ಮ ಜಿಲ್ಲೆಯ ಎಷ್ಟೋ ಜನರಿಗೆ ತಿಳಿದಿಲ್ಲ. ಎರಕದ ಕಬ್ಬಿಣ ಅಲ್ಯುಮಿನಿಯಂನ ಎರಡೂವರೆ ಪಟ್ಟಿಗಿಂತ ಹೆಚ್ಚು ತೂಗುತ್ತದೆ. ಆದರೂ ಡೀಸೆಲ್ ಬ್ಲಾಕಿಗೆ ಅದೇ ಏಕೆ ಬೇಕೆಂದರೆ, ಅದರೊಳಗಿನ ಗ್ರಾಫೈಟ್ ಎಸಳುಗಳು ಅದುರಾಟವನ್ನು ನುಂಗುತ್ತವೆ, ಎಣ್ಣೆ ಕಡಿಮೆಯಾದ ಗಳಿಗೆಯಲ್ಲಿ ಪಿಸ್ಟನ್ನಿಗೆ ಜಾರಿಕೆಯನ್ನೂ ಕೊಡುತ್ತವೆ. ಆ ಎಸಳುಗಳನ್ನು ಮೊಟಕಾಗಿ, ದುಂಡು ತುದಿಯಾಗಿ ಬೆಳೆಸಿದರೆ ಕಬ್ಬಿಣದ ಬಲ ಬಹಳ ಏರುತ್ತದೆ, ಗೋಡೆಯನ್ನು ತೆಳ್ಳಗೆ ಹೊಯ್ಯಬಹುದು. ಅದಕ್ಕಾಗಿ ಕರಗಿದ ಕಬ್ಬಿಣಕ್ಕೆ ಮೆಗ್ನೀಸಿಯಂ ಹಾಕುವ ಪ್ರಮಾಣ ಕೂದಲೆಳೆಯಷ್ಟು ತಪ್ಪಿದರೂ ಆ ಗುಣ ಕೈಜಾರುತ್ತದೆ. ಆದ್ದರಿಂದ ಕಬ್ಬಿಣವೆಂದ ಮಾತ್ರಕ್ಕೆ ಹಳೆಯ ಕಾಲದ್ದೆಂದು ಎಣಿಸಬೇಡಿ.

ವಿದ್ಯಾರ್ಥಿನಿ, ಕೊಪ್ಪಳ

ಹಿರಿಯರೆಲ್ಲರಿಗೂ ನಮಸ್ಕಾರ. ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಮೂರನೆಯ ವರ್ಷದಲ್ಲಿದ್ದೇನೆ. ರೇಸಿಂಗ್ ಎಂದರೆ ನಮ್ಮ ಮನೆಯಲ್ಲಿ ಹಣವಂತರ ಮೋಜು ಎಂದೇ ತಿಳಿದಿದ್ದಾರೆ. ನಮ್ಮ ಮೂರೂ ಜಿಲ್ಲೆಗಳಲ್ಲಿ ಒಂದು ಟ್ರ್ಯಾಕ್ ಕೂಡ ಇಲ್ಲ. ಇಲ್ಲಿದ್ದುಕೊಂಡು ಅದರಿಂದ ಕಲಿಯುವುದಕ್ಕೆ ಏನಾದರೂ ದಾರಿ ಇದೆಯೇ ಎಂದು ದಯವಿಟ್ಟು ತಿಳಿಸಿ.

ಕೋಟೆಗುಡ್ಡ, ಬಳ್ಳಾರಿ

ಖಂಡಿತ ಇದೆ ತಂಗಿ. ಎರಕದ ಮನೆಯವರ ಮಾತಿಗೆ ನನ್ನ ಪೂರ್ಣ ಒಪ್ಪಿಗೆ ಇದೆ ಎಂದು ಹೇಳಿ, ನಿಮ್ಮ ಪ್ರಶ್ನೆಗೆ ಬರುತ್ತೇನೆ.

ನಾನು ಮೊದಲ ಬಾರಿ ರೇಸ್ ನೋಡಿದ್ದು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈನಲ್ಲಿ. 3.7 ಕಿ.ಮೀ. ಉದ್ದದ ಆ ಟ್ರ್ಯಾಕಿನಲ್ಲಿ ಮಾರುತಿ ಎಂಜಿನ್ ಕೂರಿಸಿದ ಒಂಟಿ ಸೀಟಿನ ಸಣ್ಣ ಕಾರುಗಳು ಓಡುತ್ತಿದ್ದವು. ನಮ್ಮ ಬೀದಿಯಲ್ಲಿ ಓಡುವ ಕಾರಿನ ಎಂಜಿನ್ನೇ ಅದು. ಆದರೆ ತಿರುವಿಗೆ ಇಷ್ಟು ಹತ್ತಿರ ಬಂದು ಬ್ರೇಕ್ ಹಿಡಿಯುತ್ತಾರಲ್ಲ ಎಂದು ನಾನು ಬೆರಗಾಗಿ ನಿಂತಿದ್ದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಅದರ ಗುಟ್ಟು ತೂಕದಲ್ಲಿದೆ ಎಂದು ವಿವರಿಸಿದರು. ಈ ಚರ್ಚೆಯ ಬೀಜ ಬಿದ್ದದ್ದು ಆ ದಿನವೇ.

ದೊಡ್ಡ ರೇಸಿಂಗ್‌ನಲ್ಲಿಯೂ ಇದೇ ಕಥೆ. 1991ರಲ್ಲಿ ಲೆ ಮಾನ್ಸ್ ಗೆದ್ದ ಮಾಜ್ಡಾ 787ಬಿ ಕಾರನ್ನು ಎಲ್ಲರೂ ಪಿಸ್ಟನ್ ಬದಲು ನಾಲ್ಕು ರೋಟರ್‌ಗಳು ತಿರುಗುವ ಅದರ ಎಂಜಿನ್ನಿಗಾಗಿ, ಅದರ ಕಿವಿ ಸೀಳುವ ದನಿಗಾಗಿ ನೆನೆಯುತ್ತಾರೆ. ನಾನು ಇನ್ನೊಂದು ಅಂಕಿಯನ್ನೂ ನೆನೆಯುತ್ತೇನೆ: ಎದುರಾಳಿಗಳಾದ ಜಾಗ್ವಾರ್ ಮತ್ತು ಮರ್ಸಿಡಿಸ್ ಕಾರುಗಳು ನಿಯಮದಂತೆ 1,000 ಕೆ.ಜಿ. ಹೊತ್ತು ಓಡಬೇಕಿತ್ತು, ಮಾಜ್ಡಾಕ್ಕೆ 830 ಕೆ.ಜಿ.ಯ ಅನುಮತಿ ಸಿಕ್ಕಿತ್ತು. ಗಂಗಾವತಿಯವರ ಆಡಿಗೆ ಇದು ನನ್ನ ಉತ್ತರ. ಫಾರ್ಮುಲಾ 1ರಲ್ಲಿ ಚಾಲಕನನ್ನೂ ಸೇರಿಸಿ 2008ರಲ್ಲಿ 605 ಕೆ.ಜಿ. ಇದ್ದ ಕನಿಷ್ಠ ತೂಕ 2025ಕ್ಕೆ 800ಕ್ಕೆ ಏರಿತ್ತು. ಬ್ಯಾಟರಿ, ಟರ್ಬೊ, ಚಾಲಕನ ತಲೆಯ ಸುತ್ತ ನಿಂತು ಜೀವ ಕಾಪಾಡುವ ಲೋಹದ ಕಮಾನಾದ ಹೇಲೊ, ಅಗಲ ಟೈರು ಎಲ್ಲವೂ ಸೇರಿದ್ದವು. 2026ರ ನಿಯಮದಲ್ಲಿ ಅದನ್ನು 768ಕ್ಕೆ ಇಳಿಸಿದ್ದಾರೆ. ಹೇಲೊಗಾಗಿ ಕೂಡಿಸಿದ ಪ್ರತಿ ಕಿಲೋ ಸಾರ್ಥಕ. 2020ರ ಬಹರೇನ್ ಓಟದಲ್ಲಿ ಚಾಲಕ ಗ್ರೋಜಾನ್ ಬೆಂಕಿಯಿಂದ ಎದ್ದು ಬಂದದ್ದನ್ನು ನೋಡಿದವರು ಅದನ್ನು ಅಲ್ಲಗಳೆಯಲಾರರು. ಉಳಿದದ್ದರ ಬಗ್ಗೆ ನನಗೆ ತಕರಾರಿದೆ.

ನನಗೆ ಅತ್ಯಂತ ಪ್ರಿಯವಾದ ಕಾರು ವಿನ್ಯಾಸಕ ಗಾರ್ಡನ್ ಮರ್ರಿ ರೂಪಿಸಿದ ಮೆಕ್‌ಲಾರೆನ್ ಎಫ್1. ಮೂರು ಸೀಟು, ಚಾಲಕ ನಟ್ಟನಡುವೆ. ಟರ್ಬೊ ಇಲ್ಲದ 6.1 ಲೀಟರ್‌ನ ಬಿ.ಎಂ.ಡಬ್ಲ್ಯು. ಎಂಜಿನ್, 627 ಅಶ್ವಶಕ್ತಿ, 1,138 ಕೆ.ಜಿ., ಅಂದರೆ ಮಾವನವರ ಎಸ್‌ಯುವಿಗಿಂತ ಹಗುರ. ಅದರ ಎಂಜಿನ್ ಕೋಣೆಗೆ ಚಿನ್ನದ ತೆಳು ಹಾಳೆ ಹೊದಿಸಿದ್ದರು, ಏಕೆಂದರೆ ಚಿನ್ನದಷ್ಟು ಚೆನ್ನಾಗಿ ಶಾಖವನ್ನು ಹಿಂದಕ್ಕೆ ತಳ್ಳುವ ಲೋಹಗಳು ಬಹಳ ಕಡಿಮೆ. ಹಟ್ಟಿಯ ಚಿನ್ನದ ಗಣಿಯ ಜಿಲ್ಲೆಯವರಾದ ಮಿಸ್ತ್ರಿ ಅಣ್ಣನವರಿಗೆ ಇದು ಇಷ್ಟವಾಗಬಹುದು.

ತಂಗಿ, ನಿಮ್ಮ ದಾರಿ ವಿದ್ಯಾರ್ಥಿಗಳು ತಾವೇ ಗಾಡಿ ಕಟ್ಟಿ ಓಡಿಸುವ ಬಾಹಾ ಸ್ಪರ್ಧೆ. ವಾಹನ ಎಂಜಿನಿಯರ್‌ಗಳ ಸಂಘವಾದ ಎಸ್.ಎ.ಇ. ಇಂಡಿಯಾ 2007ರಿಂದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗಾಗಿ ಇದನ್ನು ನಡೆಸುತ್ತಿದೆ. ಮಧ್ಯಪ್ರದೇಶದ ಪೀಥಂಪುರದಲ್ಲಿ ಅದು ಬೆಳೆಯಿತು. ಹಲವು ವರ್ಷಗಳ ಕಾಲ ಎಲ್ಲ ತಂಡಗಳಿಗೂ ಒಂದೇ ಬಗೆಯ 305 ಸಿ.ಸಿ.ಯ, 10 ಅಶ್ವಶಕ್ತಿಯ ಎಂಜಿನ್ ಇತ್ತು. ಎಂಜಿನ್ ಒಂದೇ ಆದಾಗ ಗೆಲುವು ಇರುವುದು ಚೌಕಟ್ಟಿನಲ್ಲಿ, ಸಸ್ಪೆನ್ಷನ್ನಿನಲ್ಲಿ, ತೂಕದಲ್ಲಿ. ಮಣ್ಣು ಕಲ್ಲಿನ ನೆಲದಲ್ಲಿ ಓಡುವ ಆ ಗಾಡಿಗಳನ್ನು ಪರೀಕ್ಷಿಸಲು ಕೊಪ್ಪಳದ ಗುಡ್ಡಗಳ ಬುಡಕ್ಕಿಂತ ಒಳ್ಳೆಯ ಜಾಗ ಬೆಂಗಳೂರಿನವರಿಗೂ ಸಿಗುವುದಿಲ್ಲ.

ಲೇತ್ ಮಿಸ್ತ್ರಿ, ರಾಯಚೂರು

ಹಾಗೆ ಮಾಡುವ ಮೊದಲು ತಾಯಿ, ಒಂದು ಕಾರನ್ನು ನೀವೇ ತೂಗಿ ನೋಡಿ. ಲಾರಿ ತೂಗುವ ವೇಬ್ರಿಡ್ಜ್ ಸಾಕು. ಮುಂದಿನ ಚಕ್ರಗಳನ್ನು ಮಾತ್ರ ಹತ್ತಿಸಿ ಒಮ್ಮೆ, ಹಿಂದಿನವನ್ನು ಮಾತ್ರ ಹತ್ತಿಸಿ ಒಮ್ಮೆ ತೂಗಬೇಕು. ಪುಸ್ತಕದಲ್ಲಿ ಓದಿದ ಭಾರಕೇಂದ್ರ ಆಗ ಕೈಗೆ ಸಿಗುತ್ತದೆ.

ಭತ್ತದ ಗಾಡಿ, ಗಂಗಾವತಿ

ನಮ್ಮ ಮಿಲ್ಲಿನ ಪಕ್ಕದಲ್ಲಿಯೇ ಕಾಟಾ ಇದೆ. ಭಾನುವಾರ ಬೆಳಿಗ್ಗೆ ಲಾರಿಗಳು ಇರುವುದಿಲ್ಲ. ಕೋಟೆಗುಡ್ಡದವರೂ ಕಾರು ತನ್ನಿ, ಆ ವಿದ್ಯಾರ್ಥಿನಿ ತಂದೆಯವರೊಂದಿಗೆ ಬರಲಿ. ಊಟ ನಮ್ಮ ಮನೆಯಲ್ಲಿ.

ವಿದ್ಯಾರ್ಥಿನಿ, ಕೊಪ್ಪಳ

ಭಾನುವಾರ ತೂಗಿದ ಫಲಿತಾಂಶ ಇಲ್ಲಿದೆ. ಕಾಟಾ 10 ಕೆ.ಜಿ.ಯ ಹೆಜ್ಜೆಯಲ್ಲಿ ತೋರಿಸುತ್ತದೆ. ಕೋಟೆಗುಡ್ಡ ಸರ್ ಅವರ ಕಾರು, ಯಾರೂ ಒಳಗಿಲ್ಲದಾಗ, ಮುಂದೆ 540, ಹಿಂದೆ 360, ಒಟ್ಟು 900 ಕೆ.ಜಿ. ಬಂತು. ಬೇಸಿಗೆಯಾದ್ದರಿಂದ ಡಿಕ್ಕಿಯಲ್ಲಿ 20 ಲೀಟರ್‌ನ ಎರಡು ನೀರಿನ ಕ್ಯಾನುಗಳಿದ್ದವು. ಅವನ್ನು ಇಳಿಸಿ ಮತ್ತೆ ತೂಗಿದಾಗ ಮುಂದೆ 550, ಹಿಂದೆ 310 ಬಂತು. ಒಟ್ಟು 40 ಇಳಿದರೂ ಮುಂದಿನ ತೂಕ 10 ಏರಿದ್ದನ್ನು ಕಂಡು ನಾನು ಕಾಟಾ ಕೆಟ್ಟಿದೆ ಎಂದುಕೊಂಡು ಇನ್ನೆರಡು ಸಲ ತೂಗಿಸಿದೆ, ಅದೇ ಬಂತು. ಕ್ಯಾನುಗಳು ಹಿಂದಿನ ಅಚ್ಚಿಗಿಂತಲೂ ಹಿಂದೆ ಇದ್ದುದರಿಂದ ಏತದ ಮರದಂತೆ ಮುಂಭಾಗವನ್ನು ಎತ್ತಿ ಹಿಡಿದಿದ್ದವು ಎಂದು ತಂದೆಯವರು ನೆಲದ ಮೇಲೆ ಕಡ್ಡಿಯಿಂದ ಗೆರೆ ಎಳೆದು ತೋರಿಸಿದರು. ಮುಂದಿನ ಭಾನುವಾರ ನಮ್ಮ ಟ್ರ್ಯಾಕ್ಟರನ್ನು ಟ್ರೇಲರ್ ಸಮೇತ ತೂಗಲು ಅವರೇ ಹೊರಟಿದ್ದಾರೆ.